ಕಣ್ಣಿನ ಮಗು, ಕಿವಿಯ ಮಗು, ‘ಪುಚ್ಚೆ’ ಎನ್ನುವ ಮಗು

ಕಾಸರಗೋಡಿನ ಕನ್ನಡ ಶಾಲೆಗಳ ಮಾತು ಬಂತೆಂದರೆ ಚರ್ಚೆ ನೇರ 2017ರ ಮಲಯಾಳ ಕಡ್ಡಾಯ ಕಾನೂನಿಗೋ ಅಧ್ಯಾಪಕರ ನೇಮಕಕ್ಕೋ ಹೋಗಿ ನಿಲ್ಲುತ್ತದೆ. ಒಂದನೇ ತರಗತಿಯ ಒಳಗೆ ಕನ್ನಡವನ್ನು ಹೇಗೆ ಕಲಿಸುತ್ತಾ ಬಂದರು ಎಂಬ ಕಥೆಯನ್ನು ಕೇಳುವವರು ಕಮ್ಮಿ.

1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಎಂದ, ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿ ಕಪಾಟು ಸೇರಿತು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಅಷ್ಟೂ ವರ್ಷ ತರಗತಿಯಲ್ಲಿ ನಡೆದದ್ದು ಅದೇ ಕಾಗುಣಿತ, ಅದೇ ಉಕ್ತಲೇಖನ, ತಪ್ಪಿದರೆ ಬೆತ್ತ.

ಕದಲಿಕೆ ಶುರುವಾದದ್ದು ತೊಂಬತ್ತರ ದಶಕದ ನಡುವೆ, ಡಿ.ಪಿ.ಇ.ಪಿ. ಎಂಬ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಬಂದಾಗ. ಕೇರಳದಲ್ಲಿ ಮೊದಲ ಸುತ್ತಿಗೆ ಆಯ್ಕೆಯಾದ ಜಿಲ್ಲೆಗಳಲ್ಲಿ ವಯನಾಡು, ಮಲಪ್ಪುರಂ ಜೊತೆ ನಮ್ಮದೂ ಇತ್ತು. ಹಾಡು, ಆಟ, ಚಾರ್ಟು, ಗುಂಪು ಚಟುವಟಿಕೆ. “ಅಕ್ಷರ ಯಾವಾಗ ಕಲಿಸುತ್ತೀರಿ?” ಎಂದು ಮನೆಯವರು ಕೇಳುವಂತಾಯಿತು. ಆ ಪ್ರಶ್ನೆ ಪೂರ್ತಿ ತಪ್ಪೇನಲ್ಲ. ಆದರೆ ಮಕ್ಕಳು ಬಾಯಿ ಬಿಟ್ಟದ್ದೂ ಆಗಲೇ.

ಇದರ ಬೆನ್ನಿಗೇ ಬಂದದ್ದು ‘ಕಲಿಕಾ ಶೈಲಿ’, ಅಂದರೆ ಪ್ರತಿ ಮಗುವಿಗೂ ತನ್ನದೇ ಆದ ಕಲಿಯುವ ರೀತಿ ಇರುತ್ತದೆ, ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬ ಮಾತು. ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟ ಬಹುಬುದ್ಧಿಯ ವಾದ ಒಂದು ಕಡೆ, ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಮಾಡಿದ ನೋಡು-ಕೇಳು-ಓದು-ಮಾಡು ವಿಂಗಡಣೆ ಇನ್ನೊಂದು ಕಡೆ. ಎರಡೂ ಬೇರೆ ಬೇರೆ ಎಂದು ಗಾರ್ಡ್ನರ್ ಅವರೇ ಹೇಳಿದ್ದಾರೆ, ತರಬೇತಿಗೆ ಬರುವಾಗ ಮಾತ್ರ ಎರಡೂ ಕಲಸಿ ಒಂದಾಗಿದ್ದವು. ನಾನಿದ್ದ ಒಂದು ತರಬೇತಿಯಲ್ಲಿ ಮೂರು ಕಾಲಮ್ಮಿನ ಹಾಳೆ ಹಂಚಿದರು: ಕಣ್ಣಿನ ಮಗು, ಕಿವಿಯ ಮಗು, ಕೈಯ ಮಗು. ಹಿಂದಿನ ಬೆಂಚಿನ ಟೀಚರ್ ಎದ್ದು ನಿಂತರು. “ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವುದು ಮೂರೇ ಮಕ್ಕಳು. ಉಳಿದವರನ್ನು ಯಾವ ಕಾಲಮ್ಮಿಗೆ ಹಾಕಲಿ?” ಉತ್ತರ ಬರುವ ಮೊದಲೇ ಚಾ ಬಂತು.

2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ. ಕಣ್ಣು, ಕಿವಿ, ಕೈ ಎಲ್ಲವನ್ನೂ ಬಳಸಿ ಕಲಿಸಬೇಡಿ ಎಂದು ಅದರರ್ಥವಲ್ಲ. ಮಗುವಿನ ಹಣೆಗೆ ಚೀಟಿ ಅಂಟಿಸಿ ಪ್ರಯೋಜನವಿಲ್ಲ, ಅಷ್ಟೆ.

ಇಲ್ಲಿ ಮಕ್ಕಳ ನಡುವಿನ ದೊಡ್ಡ ವ್ಯತ್ಯಾಸ ಮನೆಭಾಷೆಯದು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವಿಗನ್ನಡ ಎಲ್ಲವೂ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಬೆಕ್ಕಿನ ಚಿತ್ರ ಎತ್ತಿ ಹಿಡಿದರೆ ತುಳು ಮಗು ‘ಪುಚ್ಚೆ’ ಎನ್ನುತ್ತದೆ, ಮಲಯಾಳದ್ದು ‘ಪೂಚ್ಚ’. ಚಿತ್ರ ಕಣ್ಣಿಗೆ ಚೆನ್ನಾಗಿಯೇ ಕಂಡಿದೆ, ಪದ ಬೇರೆ ಮನೆಯದು. ಇಂಥ ಮಗುವಿಗೆ ‘ಹಿಂದುಳಿದವನು’ ಎಂಬ ಹೆಸರು ಬೀಳಲು ಒಂದು ವರ್ಷವೂ ಬೇಡ.

ಕುಂಬಳೆ ಕಡೆಯ ಒಂದು ಶಾಲೆಯಲ್ಲಿ ನೋಡಿದ್ದು: ಟೀಚರ್ ಬೋರ್ಡಿನ ನಡುವೆ ಗೆರೆ ಎಳೆದು ಒಂದು ಬದಿ ತುಳುವಿನ ಪೂ, ಪತ್ತ್, ಪಿಲಿ ಎಂದೂ ಇನ್ನೊಂದು ಬದಿ ಕನ್ನಡದ ಹೂ, ಹತ್ತು, ಹುಲಿ ಎಂದೂ ಬರೆದರು. ಪಕಾರ ಹಕಾರವಾಗುವ ಈ ಹಳೇ ನಂಟನ್ನು ಮಕ್ಕಳೇ ಕಂಡುಹಿಡಿದರು. ಒಬ್ಬ ಹುಡುಗ ಕೈ ಎತ್ತಿದ.

“ಟೀಚರ್, ಹಾಗಾದ್ರೆ ಪುಚ್ಚೆ... ಹುಚ್ಚೆ?”

ತರಗತಿಯೇ ನಕ್ಕಿತು. ಟೀಚರೂ ನಕ್ಕರು, ಆದರೂ ‘ಹುಚ್ಚೆ’ ಎಂದು ಬರೆದು, ಅದರ ಪಕ್ಕ ಬೆಕ್ಕು ಎಂದು ಬರೆದರು.