ಹಳೆಯ ಮೀನು ಬದುಕಿತೆಂದು ಹೊಸ ಮರಿ ಬಿಡುವವರಿಗೆ

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳ ಕೆರೆಗಳಲ್ಲಿ ಕಾಟ್ಲಾ, ರೋಹು ಸಾಕುವವರಿಂದ ಚಳಿಗಾಲದಲ್ಲಿ ನನಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ಡಾಕ್ಟರೇ, ದೊಡ್ಡ ಮೀನುಗಳಿಗೆ ಏನೂ ಆಗಲಿಲ್ಲ, ಹೊಸತಾಗಿ ಬಿಟ್ಟ ಮರಿಗಳು ಮಾತ್ರ ಸತ್ತವು; ಮರಿ ಕೊಟ್ಟವರು ಮೋಸ ಮಾಡಿದರು." ಮರಿಯಲ್ಲಿ ದೋಷವಿರಲಾರದೆಂದು ನಾನು ಹೇಳುವುದಿಲ್ಲ. ಆದರೆ ಕೆಲವು ವಾರಗಳ ಹಿಂದೆ ಅಲ್ಲಿ ಬಿಳಿಚುಕ್ಕೆ ರೋಗ ಬಂದು ಹೋಗಿತ್ತೆಂದು ತಿಳಿದರೆ ನನ್ನ ಸಂಶಯ ಮೊದಲು ಹೋಗುವುದು ಕೆರೆಯ ಮೇಲೆಯೇ.

ಈ ರೋಗಕ್ಕೆ ಕಾರಣವಾದ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರೋಪಜೀವಿ ಚರ್ಮ ಮತ್ತು ಕಿವಿರಿನ ಹೊರಪದರದ ಅಡಿಯಲ್ಲಿ ಬೆಳೆಯುತ್ತದೆ. ಕಿವಿರಿನ ಚೂರೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಕುದುರೆಲಾಳದ ಆಕಾರದ ಕೋಶಕೇಂದ್ರವಿರುವ ದುಂಡನೆಯ ಜೀವಿ ನಿಧಾನವಾಗಿ ಹೊರಳುವುದು ಕಾಣುತ್ತದೆ. ಬಲಿತ ಮೇಲೆ ಅದು ತಳಕ್ಕಿಳಿದು ನೂರಾರು ಮರಿಜೀವಿಗಳಾಗಿ ಒಡೆಯುತ್ತದೆ. ಅವುಗಳಿಗೆ ಒಂದೆರಡು ದಿನಗಳೊಳಗೆ ಮೀನು ಸಿಗಲೇಬೇಕು.

ರೋಗವನ್ನು ಗೆದ್ದ ಮೀನಿನ ರಕ್ತದಲ್ಲಷ್ಟೇ ಅಲ್ಲ, ಮೈಯ ಲೋಳೆಯಲ್ಲಿಯೂ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಅದಕ್ಕಂಟಿಕೊಳ್ಳುವ ರಕ್ಷಕ ಪ್ರೋಟೀನುಗಳು, ಇರುತ್ತವೆ. ಅವು ಈ ಮರಿಜೀವಿಗಳ ರೋಮಗಳಿಗೆ ಅಂಟಿಕೊಂಡು ಚಲನೆಯನ್ನೇ ನಿಲ್ಲಿಸುತ್ತವೆ. ಚರ್ಮದೊಳಗೆ ಹೊಕ್ಕವು ಕೂಡ ಹೊರಬೀಳುತ್ತವೆ. ಈ ರಕ್ಷಣೆ ತಿಂಗಳುಗಟ್ಟಲೆ ಉಳಿಯಬಲ್ಲದು. ಆದರೆ ಅದು ಇರುವುದು ಆ ಮೀನಿನ ಮೈಯಲ್ಲಿ, ಕೆರೆಯ ನೀರಿನಲ್ಲಿ ಅಲ್ಲ. ರೋಗ ನಿಂತಂತೆ ಕಾಣುವುದು ಪರೋಪಜೀವಿ ನಾಶವಾದ್ದರಿಂದಲೇ ಆಗಬೇಕೆಂದಿಲ್ಲ. ತುತ್ತಾಗಬಲ್ಲ ಮೀನು ಉಳಿಯದಿದ್ದರೂ ಹಾಗೆಯೇ ಕಾಣುತ್ತದೆ. ರಕ್ಷಣೆ ಅರೆಬರೆಯಾದ ನಾಲ್ಕು ಮೀನುಗಳಿದ್ದರೆ, ಕಣ್ಣಿಗೆ ಚುಕ್ಕೆಯೇ ಬೀಳದೆ ಅದು ಮುಂದುವರಿಯಬಹುದು.

ಅಲ್ಲಿಗೆ ಆಮ್ಲಜನಕ ತುಂಬಿದ ಚೀಲದಲ್ಲಿ ಪ್ರಯಾಣಿಸಿ ಬಳಲಿದ, ಈ ಜೀವಿಯನ್ನು ಎಂದೂ ಎದುರಿಸದ ಮರಿ ಬರುತ್ತದೆ. ಮೀನಿನ ಮೈಬಿಸಿ ನೀರಿನದ್ದೇ ಆದ್ದರಿಂದ ತಣ್ಣೀರಿನಲ್ಲಿ ಪ್ರತಿಕಾಯ ಸಿದ್ಧವಾಗಲು ವಾರಗಳು ಬೇಕು. ಪರೋಪಜೀವಿಯ ಒಂದು ಸುತ್ತಿಗೆ ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ವಾರವೊಂದು ಸಾಕು.

ಮುಳ್ಳೇರಿಯದ ಬಳಿಯ ಕೃಷಿಕರೊಬ್ಬರು, ಬಹಳ ಶ್ರದ್ಧೆಯವರು, ನೀರನ್ನು ಪರೀಕ್ಷಿಸಲೆಂದೇ ಬದುಕುಳಿದ ರೋಹುಗಳನ್ನು ಹದಿನೈದು ದಿನ ಅದೇ ಕೆರೆಯಲ್ಲಿಟ್ಟು ನೋಡಿದ್ದರು. ಆ ಶ್ರಮ ಕಂಡು ನನಗೆ ಸಂಕಟವಾಯಿತು, ಏಕೆಂದರೆ ಆ ಪರೀಕ್ಷೆಯಲ್ಲಿ ಸೋಲಲಾರದ ಮೀನುಗಳೆಂದರೆ ಅವೇ. ಅದರ ಬದಲು ಹೊಸ ಮರಿಗಳಲ್ಲಿ ಕೆಲವನ್ನಷ್ಟೇ ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಯಲ್ಲಿ, ಎರಡು ವಾರ ಇಳಿಬಿಟ್ಟು, ಕಿವಿರು ಪರೀಕ್ಷಿಸಿಕೊಂಡ ಮೇಲೆ ಉಳಿದವನ್ನು ಬಿಡಿ. ಸಾಧ್ಯವಿದ್ದರೆ ಹಳೆಯ ಮೀನನ್ನೆಲ್ಲ ಹಿಡಿದು ಕೆರೆಯನ್ನು ಒಣಗಿಸುವುದು ಇನ್ನೂ ಒಳ್ಳೆಯದು. ಮೈಗಂಟಿಕೊಂಡು ರಕ್ತ ಹೀರುವ ಮೀನು ಹೇನಿನ ಕಾಟವಿದ್ದಲ್ಲಿ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಬೇಡಿ. ಅದು ಕಲ್ಲು, ಕೋಲುಗಳ ಮೇಲೆ ಮೊಟ್ಟೆಯಿಡುತ್ತದೆ, ಒಮ್ಮೆ ಕಚ್ಚಿಸಿಕೊಂಡ ಮೀನಿಗೆ ಅದರಿಂದ ಇಂತಹ ಭದ್ರವಾದ ರಕ್ಷಣೆ ಸಿಗುತ್ತದೆಂದು ನೆಚ್ಚುವಂತಿಲ್ಲ.