ಕಾರ್ಬನ್ ಎಲ್ಲಿ ಕೂತಿದೆ ಅಂತ ಮೊದಲು ಕೇಳಿ

ಸರ್ವಿಸ್ ಎಸ್ಟಿಮೇಟ್‌ನಲ್ಲಿ ‘ಡಿಕಾರ್ಬನಿಂಗ್’, ಅಂದರೆ ಎಂಜಿನ್ ಒಳಗಿನ ಮಸಿ ತೆಗೆಯುವುದು, ಅನ್ನುವ ಸಾಲು ಕಂಡರೆ, ಒಪ್ಪುವ ಮೊದಲು ಯಾವ ಭಾಗದ್ದು ಅಂತ ಕೇಳಿ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ಅಳತೆ ಹಿಡಿಯುವ ಥ್ರಾಟಲ್ ಬಾಡಿ, ಸಿಲಿಂಡರ್‌ಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್‌ನ ಬೆನ್ನು, ಪಿಸ್ಟನ್ ತಲೆ, ಈ ಮೂರೂ ಕಡೆ ಮಸಿ ಕಟ್ಟುತ್ತದೆ. ಒಂದು ಕಡೆಯ ಮದ್ದು ಇನ್ನೊಂದು ಕಡೆಗೆ ನಾಟುವುದಿಲ್ಲ.

ನಿಮ್ಮ ಕಾರಿನಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಲ್ಲಿದೆ ಅನ್ನುವುದರ ಮೇಲೆ ಅರ್ಧ ಉತ್ತರ ನಿಂತಿದೆ. ಸ್ವಿಫ್ಟ್‌ನಂಥ ಎಂಪಿಎಫ್‌ಐ ಕಾರಿನಲ್ಲಿ ಪೆಟ್ರೋಲ್ ಬೀಳುವುದೇ ವಾಲ್ವ್‌ನ ಬೆನ್ನಿಗೆ, ಹಾಗಾಗಿ ಅದು ತೊಳೆಯುತ್ತಲೇ ಇರುತ್ತದೆ. ವೆನ್ಯೂ 1.0 ಟರ್ಬೊ, ಟೈಗುನ್ 1.0 ಟಿಎಸ್‌ಐ ಥರದ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗುತ್ತದೆ, ವಾಲ್ವ್‌ನ ಬೆನ್ನು ಅದನ್ನು ಕಾಣುವುದೇ ಇಲ್ಲ. ಅಲ್ಲಿಗೆ ಗಾಳಿಯ ಜೊತೆ ಬರುವುದು ಹೆಚ್ಚಾಗಿ ಎಂಜಿನ್ ತಳದ ಕ್ರ್ಯಾಂಕ್‌ಕೇಸ್‌ನಿಂದ, ಅದರ ಹಬೆಯನ್ನು ಮತ್ತೆ ಇನ್‌ಟೇಕ್‌ಗೆ ಬಿಡುವ ಪಿಸಿವಿ ಪೈಪ್ ಹಾದು ಬರುವ ಎಣ್ಣೆಯ ಹಬೆ. ದೋಸೆ ಹಂಚಿನ ಅಂಚಿನಲ್ಲಿ ಎಣ್ಣೆ ಸೀದು ಕರಿ ಕಟ್ಟುವ ಹಾಗೆ ಅದು ಬಿಸಿ ವಾಲ್ವ್ ಮೇಲೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಗಾಳಿಯ ದಾರಿ ಕಿರಿದಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಿಸ್ಸಿಂಗ್, ಆಮೇಲೆ ಪಿಕಪ್ ಕಮ್ಮಿ, ಸ್ಕ್ಯಾನರ್‌ನಲ್ಲಿ ಮಿಸ್ಸಿಂಗ್ ತೋರಿಸುವ ಪಿ0300 ಕೋಡ್.

ಇದಕ್ಕೆ ಟ್ಯಾಂಕ್‌ಗೆ ಸುರಿಯುವ ಬಾಟಲಿ ಕೆಲಸಕ್ಕೆ ಬಾರದು. ಪಾಲಿಈಥರ್ ಅಮೈನ್ ಇರುವ ಕ್ಲೀನರ್ ಇಂಜೆಕ್ಟರ್ ತುದಿಗೆ, ಪಿಸ್ಟನ್ ತಲೆಗೆ ಒಳ್ಳೆಯದೇ. ಎಂಪಿಎಫ್‌ಐ ಆದರೆ ವಾಲ್ವ್‌ಗೂ ಒಳ್ಳೆಯದು. ಓಡುವ ಎಂಜಿನ್‌ಗೆ ಹೈಡ್ರೋಜನ್ ಬಿಟ್ಟು ಮಸಿ ತೆಗೆಯುತ್ತೇವೆ ಅನ್ನುವ ಮೆಷಿನ್ ಬಗ್ಗೆಯೂ ಅದೇ ಮಾತು: ಅನಿಲ ವಾಲ್ವ್ ದಾಟಿಯೇ ಒಳಗೆ ಹೋಗುತ್ತದೆ ನಿಜ, ಆದರೆ ಉರಿಯುವುದು ಸಿಲಿಂಡರ್‌ನಲ್ಲಿ. ವಾಲ್ವ್‌ನ ಬೆನ್ನಿನ ಗಟ್ಟಿ ಪದರವನ್ನು ಅದು ಕಿತ್ತು ತೆಗೆಯುತ್ತದೆ ಅಂತ ನಂಬಿ ದುಡ್ಡು ಕೊಡಬೇಡಿ.

ನಂಬಬಹುದಾದ ದಾರಿ ಅಕ್ರೋಟಿನ ಚಿಪ್ಪಿನ ಪುಡಿ ಊದುವುದು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಕ್ರ್ಯಾಂಕ್ ತಿರುಗಿಸಿ, ಆ ಸಿಲಿಂಡರ್‌ನ ಎರಡೂ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರುವಂತೆ ನಿಲ್ಲಿಸಬೇಕು. ಕೆಲಸ ಕೆಡುವುದು ಇಲ್ಲೇ. ವಾಲ್ವ್ ಕೂದಲೆಳೆಯಷ್ಟು ತೆರೆದಿದ್ದರೂ ಪುಡಿ, ಕಾರ್ಬನ್ ಚೂರು ಸಿಲಿಂಡರ್‌ಗೆ ಇಳಿಯುತ್ತದೆ. ಉಳಿದ ಪೋರ್ಟ್‌ಗಳಿಗೆ, ಅಂದರೆ ಗಾಳಿ ಹೋಗುವ ತೂತುಗಳಿಗೆ, ಬಟ್ಟೆ ತುರುಕಿ, ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದ ಅಡಾಪ್ಟರ್ ಒಳಗಿಂದ ಪುಡಿ ಊದುತ್ತಾರೆ. ಚಿಪ್ಪು ಲೋಹಕ್ಕಿಂತ ಮೆದು, ಕಾರ್ಬನ್ ಕೀಳುತ್ತದೆ, ವಾಲ್ವ್ ಗೀರುವುದಿಲ್ಲ. ಮೊದಲೇ ಕೆಮಿಕಲ್‌ನಲ್ಲಿ ನೆನೆಸಿದ್ದರೆ ಪೂರ್ತಿ ಒಣಗಿಸಿಯೇ ಊದಬೇಕು, ಇಲ್ಲದಿದ್ದರೆ ಪುಡಿ ಮುದ್ದೆಗಟ್ಟುತ್ತದೆ. ಪೋರ್ಟ್ ಚೊಕ್ಕವಾದ ಮೇಲೆ ಕ್ರ್ಯಾಂಕ್ ತಿರುಗಿಸಿ ಮುಂದಿನ ಸಿಲಿಂಡರ್. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೊಸದೇ ಹಾಕಿಸಿ.

ಥ್ರಾಟಲ್ ಬಾಡಿ ಸುಲಭ. ಇಗ್ನಿಷನ್ ಆಫ್ ಮಾಡಿ, ಗಾಳಿ ಪೈಪ್ ಬಿಚ್ಚಿ, ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿದರಾಯಿತು. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಒತ್ತಿ ತೆರೆದರೆ ಒಳಗಿನ ಗೇರ್ ಹಾಳಾಗಬಹುದು. ಒರೆಸಿದ ಮೇಲೆ ಐಡ್ಲಿಂಗ್ ಏರಿದರೆ ಗಾಬರಿ ಬೇಡ: ಕೊಳೆ ಇದ್ದಾಗ ತಟ್ಟೆಯನ್ನು ಸ್ವಲ್ಪ ಹೆಚ್ಚು ತೆರೆಯಲು ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಕಲಿತಿತ್ತು. ಸ್ಕ್ಯಾನರ್‌ನಲ್ಲಿ ಐಡಲ್ ರೀಲರ್ನ್ ಮಾಡಿಸಿ, ಅಂದರೆ ಅದಕ್ಕೆ ಹೊಸದಾಗಿ ಕಲಿಸಿ.

ಇನ್ನು ತಡೆಯುವ ಮಾತು. ಎರಡು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿಗೆ ಮಸಿ ಬೇಗ, ಏಕೆಂದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಸ್ಪಾರ್ಕ್ ಪ್ಲಗ್ ತುದಿ ತನ್ನ ಮಸಿ ತಾನೇ ಸುಡಲು ಬೇಕಾದ ಸುಮಾರು 450 ಡಿಗ್ರಿ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಕೆಳಗಿನ ಗೇರ್‌ನಲ್ಲಿ 3000 ಆರ್‌ಪಿಎಂ ಆಸುಪಾಸಿನಲ್ಲಿ ಹೈವೇಯಲ್ಲಿ ಓಡಿಸಿ. ಇದರಿಂದ ಪ್ಲಗ್‌ಗೆ, ದಹನ ಕೋಣೆಗೆ ಲಾಭ. ಡೈರೆಕ್ಟ್ ಇಂಜೆಕ್ಷನ್ ವಾಲ್ವ್‌ಗೆ ಅಷ್ಟೇನಿಲ್ಲ. ಅದಕ್ಕೆ ಮ್ಯಾನುಯಲ್‌ನಲ್ಲಿರುವ ಗ್ರೇಡ್‌ನ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾಯಿಸುವುದು, ಪಿಸಿವಿ ವಾಲ್ವ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದೇ ಮುಖ್ಯ. 95 ಆಕ್ಟೇನ್ ಪೆಟ್ರೋಲ್ ಹಾಕಿದರೆ ಎಂಜಿನ್ ಕ್ಲೀನ್ ಆಗುತ್ತದೆ ಅನ್ನುವುದು ತಪ್ಪು: ಆಕ್ಟೇನ್ ನಾಕಿಂಗ್, ಅಂದರೆ ಎಂಜಿನ್ ಒಳಗಿನ ಬಡಿತ, ತಡೆಯುತ್ತದೆ, ತೊಳೆಯುವುದು ಅದರಲ್ಲಿ ಬೆರೆಸಿದ ಡಿಟರ್ಜೆಂಟ್.

ಟ್ಯಾಂಕ್ ಕ್ಲೀನರ್ ಹಾಕುವುದಿದ್ದರೆ ಆಯಿಲ್ ಬದಲಾಯಿಸುವ ಮುಂಚಿನ ಟ್ಯಾಂಕ್‌ಗೆ, ಲೇಬಲ್ ಹೇಳಿದಷ್ಟೇ ಹಾಕಿ. ಕರಗಿದ್ದರಲ್ಲಿ ಒಂದಷ್ಟು ಪಿಸ್ಟನ್ ರಿಂಗ್ ದಾಟಿ ಎಣ್ಣೆಗೆ ಸೇರುತ್ತದೆ.

ಯಾವ ಕ್ಲೀನಿಂಗ್‌ಗೂ ಮೊದಲು ಪ್ಲಗ್ ಬಿಚ್ಚಿಸಿ ನೋಡಿ. ಒಣ ಕಾಡಿಗೆಯಂತಿದ್ದರೆ ಪೆಟ್ರೋಲ್ ಜಾಸ್ತಿಯಾಗುತ್ತಿರಬಹುದು, ಸೋರುವ ಇಂಜೆಕ್ಟರ್, ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ಹುಡುಕಬೇಕು. ಒದ್ದೆ, ಜಿಡ್ಡು ಕಪ್ಪಾದರೆ ಎಣ್ಣೆ ಒಳಗೆ ಬರುತ್ತಿದೆ. ಎಣ್ಣೆ ತಡೆಯುವ ವಾಲ್ವ್ ಸ್ಟೆಮ್ ಸೀಲ್, ಪಿಸ್ಟನ್ ರಿಂಗ್ ನೋಡದೆ ಡಿಕಾರ್ಬನಿಂಗ್ ಮಾಡಿಸಿದರೆ ಅದೇ ಮಸಿ ಮತ್ತೆ ಬಂದು ಕೂರುತ್ತದೆ.