ಮೌಸ್‌ಗೆ ಕೈ ಹೋಗುವ ಮೊದಲು

ಟೈಪ್ ಮಾಡುತ್ತಾ ಇದ್ದೀರಿ. ಈಗಷ್ಟೇ ಬರೆದ ಸಾಲನ್ನು ಕಾಪಿ ಮಾಡಬೇಕು. ಹೆಚ್ಚಿನವರು ಕೈ ಎತ್ತಿ ಮೌಸ್ ಹಿಡಿಯುತ್ತಾರೆ, ಕರ್ಸರ್ ಎಲ್ಲಿದೆ ಅಂತ ಹುಡುಕಿ ಸಾಲಿನ ಶುರುವಿಗೆ ತರುತ್ತಾರೆ, ಕೊನೆಯವರೆಗೆ ಎಳೆಯುತ್ತಾರೆ, ರೈಟ್ ಕ್ಲಿಕ್ ಮಾಡಿ ಮೆನುವಿನಲ್ಲಿ ಕಾಪಿ ಒತ್ತುತ್ತಾರೆ, ಸಾಲಿನ ತುದಿಗೆ ಹೋಗಿ ಮತ್ತೊಂದು ಕ್ಲಿಕ್ ಮಾಡಿ ಕೈಯನ್ನು ಕೀಬೋರ್ಡಿಗೆ ವಾಪಸ್ ತರುತ್ತಾರೆ. ಇದೇ ಕೆಲಸವನ್ನು ವಿಂಡೋಸ್‌ನಲ್ಲಿ ಶಾರ್ಟ್‌ಕಟ್‌ನಿಂದ, ಅಂದರೆ ಮೌಸ್ ಬದಲು ಕೀಗಳನ್ನೇ ಒತ್ತಿ, ಹೀಗೂ ಮಾಡಬಹುದು: ಶಿಫ್ಟ್-ಹೋಮ್, ಕಂಟ್ರೋಲ್-ಸಿ, ಎಂಡ್. ಅಷ್ಟೇ.

ಎಷ್ಟು ಉಳಿಯಿತು? ಇದಕ್ಕೊಂದು ಲೆಕ್ಕವಿದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ ಎಂಬ ಸಂಶೋಧಕರು 1980ರಲ್ಲಿ ಕಂಪ್ಯೂಟರ್ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ಸರಾಸರಿ ಸಮಯ ಗೊತ್ತುಮಾಡಿದರು. ಸಾಧಾರಣ ವೇಗದಲ್ಲಿ ಟೈಪ್ ಮಾಡುವವರು ಒಂದು ಕೀ ಒತ್ತಲು 0.28 ಸೆಕೆಂಡ್. ಮೌಸ್‌ನಿಂದ ಒಂದು ಜಾಗಕ್ಕೆ ಗುರಿಯಿಡಲು 1.1. ಕೈ ಕೀಬೋರ್ಡಿನಿಂದ ಮೌಸ್‌ಗೆ ಹೋಗಲು 0.4, ಬರಲು ಇನ್ನೊಂದು 0.4. ಈ ಅಂಕಿಗಳನ್ನಿಟ್ಟುಕೊಂಡು ಮೇಲಿನ ಕೆಲಸವನ್ನು ಕೂಡಿಸಿದರೆ ಮೌಸ್‌ಗೆ ಸುಮಾರು 6 ಸೆಕೆಂಡ್ ಬರುತ್ತದೆ, ಐದು ಕೀಗಳಿಗೆ 1.4.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯೂ ಇದೆ. ಮುಂದೇನು ಮಾಡಬೇಕು ಅಂತ ಮನಸ್ಸು ಸಿದ್ಧವಾಗಲು 1.35 ಸೆಕೆಂಡ್. ಹೊಸದಾಗಿ ಶಾರ್ಟ್‌ಕಟ್ ಕಲಿಯುವವರಿಗೆ 'ಯಾವ ಕೀ ಅದು?' ಅಂತ ನೆನಪು ಮಾಡಿಕೊಳ್ಳಲು ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಆ್ಯಪಲ್‌ನಲ್ಲಿದ್ದ ಬ್ರೂಸ್ ಟೋಗ್ನಾಝಿನಿ 1989ರಲ್ಲಿ ಇದಕ್ಕೇ ಕೈಹಾಕಿದ್ದರು. ಕೀಬೋರ್ಡೇ ವೇಗ ಅಂತ ಜನರಿಗೆ ಅನಿಸುತ್ತದೆ, ಗಡಿಯಾರ ಹಿಡಿದು ನೋಡಿದರೆ ಮೌಸ್ ಗೆಲ್ಲುತ್ತದೆ, ಕೀ ನೆನಪಿಸಿಕೊಳ್ಳುವ ಹೊತ್ತು ನಮ್ಮ ಗಮನಕ್ಕೇ ಬರುವುದಿಲ್ಲ ಎಂಬುದು ಅವರ ವಾದ. ಅಪರೂಪಕ್ಕೆ ಬಳಸುವ ಶಾರ್ಟ್‌ಕಟ್‌ಗಳ ಮಟ್ಟಿಗೆ ನಾನೂ ಇದನ್ನು ಒಪ್ಪುತ್ತೇನೆ. ವರ್ಷಕ್ಕೊಮ್ಮೆ ಬೇಕಾಗುವುದನ್ನು ಬಾಯಿಪಾಠ ಮಾಡುವುದು ಸುಮ್ನೆ ಶ್ರಮ. ದಿನಕ್ಕೆ ಐವತ್ತು ಸಲ ಬೇಕಾಗುವುದರ ಕಥೆಯೇ ಬೇರೆ. ಅಲ್ಲಿ ಕೆಲವೇ ದಿನಗಳಲ್ಲಿ ನೆನಪು ತಲೆಯಿಂದ ಬೆರಳಿಗೆ ಇಳಿಯುತ್ತದೆ, ಕಂಟ್ರೋಲ್-ಸಿ ಒತ್ತುವಾಗ ಯಾರೂ ಸಿ ಎಲ್ಲಿದೆ ಅಂತ ಯೋಚಿಸುವುದಿಲ್ಲ ಅಲ್ವಾ?

ಹಾಗೆ ಇಳಿಯಲು ಒಂದು ಕಾರಣವಿದೆ: ಕೀ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಪರದೆಯ ಮೇಲಿನ ಬಟನ್ ಹಾಗಲ್ಲ, ವಿಂಡೋ ಸರಿದರೆ ಅದೂ ಸರಿಯುತ್ತದೆ. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಮುಟ್ಟಲು ಹೆಚ್ಚು ಹೊತ್ತು ಬೇಕು ಅಂತ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಮೌಸ್ ಬರುವುದಕ್ಕೂ ಮುಂಚಿನ ಮಾತು ಅದು. ಅದಕ್ಕೇ ಮೂಲೆಯ ಪುಟ್ಟ ಬಟನ್ ಹತ್ತಿರ ಬಂದಾಗ ಕೈ ನಿಧಾನವಾಗುತ್ತದೆ, ಕಣ್ಣು ಅಲ್ಲೇ ನೆಡುತ್ತದೆ, ಬರೆಯುತ್ತಿದ್ದ ವಾಕ್ಯ ಕೈತಪ್ಪುತ್ತದೆ. ನನ್ನ ಮಟ್ಟಿಗೆ ಶಾರ್ಟ್‌ಕಟ್‌ನ ನಿಜವಾದ ಲಾಭ ಸೆಕೆಂಡುಗಳಲ್ಲ, ಕಣ್ಣು ಬರಹದ ಮೇಲೇ ಉಳಿಯುವುದು.

ಕಟ್, ಕಾಪಿ, ಪೇಸ್ಟ್ ಎಂಬ ವಿಧಾನವನ್ನು ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್, 1970ರ ದಶಕದ ನಡುವೆ, ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಟೆಸ್ಲರ್ ಆಮೇಲೆ ಆ್ಯಪಲ್ ಸೇರಿದರು. ಆ್ಯಪಲ್ ತನ್ನ ಕಂಪ್ಯೂಟರ್‌ಗಳಲ್ಲಿ ಝಡ್, ಎಕ್ಸ್, ಸಿ, ವಿ ಕೀಗಳನ್ನು ಅನ್‌ಡೂ, ಕಟ್, ಕಾಪಿ, ಪೇಸ್ಟ್‌ಗೆ ಇಟ್ಟಿತು. ಕೀಬೋರ್ಡ್ ನೋಡಿ, ನಾಲ್ಕೂ ಕೆಳಸಾಲಿನಲ್ಲಿ ಒಂದರ ಪಕ್ಕ ಒಂದಿವೆ. ಎಡಗೈ ಒಂದೇ ಸಾಕು, ಬಲಗೈ ಮೌಸ್ ಮೇಲೆ ಇದ್ದರೂ ತೊಂದರೆಯಿಲ್ಲ.

ಕಲಿಯುವುದು ಹೇಗೆ? ನೂರು ಶಾರ್ಟ್‌ಕಟ್‌ಗಳ ಪಟ್ಟಿ ಗೋಡೆಗೆ ಅಂಟಿಸಬೇಡಿ, ಯಾರೂ ಅದನ್ನು ನೋಡುವುದಿಲ್ಲ. ಒಂದು ದಿನ ನಿಮ್ಮ ಕೈಯನ್ನೇ ಗಮನಿಸಿ. ಪದೇ ಪದೇ ಮೌಸ್‌ಗೆ ಹೋಗುವುದು ಯಾವ ಕೆಲಸಕ್ಕೆ? ಅದೊಂದನ್ನೇ ಹಿಡಿಯಿರಿ. ಅನೇಕ ತಂತ್ರಾಂಶಗಳಲ್ಲಿ ಮೆನುವಿನ ಹೆಸರಿನ ಪಕ್ಕದಲ್ಲೇ ಅದರ ಶಾರ್ಟ್‌ಕಟ್ ಬರೆದಿರುತ್ತದೆ. ಮೊದಲ ಕೆಲವು ದಿನ ಕೆಲಸ ನಿಧಾನವಾಗುತ್ತದೆ, ಅಲ್ಲೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನನ್ನ ಆಯ್ಕೆ: ಹಿಂದಿನ ಪದವನ್ನು ಇಡಿಯಾಗಿ ಅಳಿಸಲು ಕಂಟ್ರೋಲ್-ಬ್ಯಾಕ್‌ಸ್ಪೇಸ್, ಬ್ರೌಸರ್‌ನಲ್ಲಿ ತಪ್ಪಿ ಮುಚ್ಚಿದ ಟ್ಯಾಬ್ ಮತ್ತೆ ತೆರೆಯಲು ಕಂಟ್ರೋಲ್-ಶಿಫ್ಟ್-ಟಿ. ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್-ವಿ ಒತ್ತಿ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಕೊಳ್ಳಿ, ಆಮೇಲಿಂದ ಈ ಹಿಂದೆ ಕಾಪಿ ಮಾಡಿದ್ದೂ ಸಿಗುತ್ತದೆ.

ಇಷ್ಟೆಲ್ಲ ಕಣ್ಣು ಕಾಣುವವರ ಅನುಕೂಲದ ಮಾತಾಯಿತು. ಕಣ್ಣು ಕಾಣದವರಿಗೆ ಮೌಸ್‌ನ ಬಾಣ ತೋರಿಸಿ ಏನು ಪ್ರಯೋಜನ? ಅವರ ಕೆಲಸವೆಲ್ಲ ನಡೆಯುವುದು ಕೀಬೋರ್ಡಿನಲ್ಲೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ವೆಬ್ ಪುಟದ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಮುಂದಿನ ಲಿಂಕಿಗೆ ಹೋಗಬಹುದು. ಆದರೆ ಪುಟ ಮಾಡಿದವರು ಶೀರ್ಷಿಕೆಯನ್ನು ಶೀರ್ಷಿಕೆ ಅಂತ ಗುರುತಿಸದೆ ಬರೀ ದೊಡ್ಡ ಅಕ್ಷರದಲ್ಲಿ ಹಾಕಿದ್ದರೆ ಎಚ್ ಕೀಗೆ ಅದು ಸಿಗುವುದೇ ಇಲ್ಲ. ಬಟನ್‌ಗಳದ್ದೂ ಇದೇ ಪಾಡು. ನೀವು ವೆಬ್ ಪುಟ ಮಾಡುವವರಾದರೆ ಮೌಸ್ ಪಕ್ಕಕ್ಕಿಟ್ಟು, ಟ್ಯಾಬ್ ಮತ್ತು ಎಂಟರ್ ಕೀ ಬಳಸಿ ನಿಮ್ಮದೇ ಫಾರ್ಮ್ ಅನ್ನು ಮೊದಲಿನಿಂದ ಕೊನೆಯವರೆಗೆ ತುಂಬಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅದನ್ನು ಇವತ್ತೇ ಸರಿಪಡಿಸಿ.